ಸಂಸ್ಥಾಪಕರೇ ಅಧ್ಯಕ್ಷರು, ಅವರೇ ಸಿಇಒ: ತಂತ್ರಜ್ಞಾನದ ಸೇವಾಸಂಸ್ಥೆಯಲ್ಲಿ ಯಾವ ತೀರ್ಮಾನ ಯಾರದು?

ಹೊಸಹೆಜ್ಜೆ (ಪ್ರಶ್ನೆ)

ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ರೋಗಿಗಳ ದಾಖಲೆ ಇಡಲು ಮುಕ್ತ ತಂತ್ರಾಂಶ ತಯಾರಿಸುವ ಲಾಭರಹಿತ ಸಂಸ್ಥೆ. ಒಟ್ಟು 24 ಜನ, ಅದರಲ್ಲಿ 9 ಮಂದಿ ಪ್ರೋಗ್ರಾಮರ್‌ಗಳು. ಶುರು ಮಾಡಿದವರೇ ಇವತ್ತಿಗೂ ಸಿಇಒ, ಅವರೇ ಆಡಳಿತ ಮಂಡಳಿಯ ಅಧ್ಯಕ್ಷರು. ಯಾವ ಫೀಚರ್ ಮೊದಲು ಬರಬೇಕು ಅನ್ನೋದನ್ನೂ ಅವರೇ ಹೇಳುತ್ತಾರೆ. ಮಂಡಳಿಯಲ್ಲಿ 5 ಜನ, ಮೂವರು ಅವರ ಹಳೆಯ ಗೆಳೆಯರು. ಆದಾಯದಲ್ಲಿ ಶೇ. 60 ಒಂದೇ ದಾನಿ ಸಂಸ್ಥೆಯಿಂದ ಬರುತ್ತದೆ, ಅದೂ ಇಂಥದೇ ಕೆಲಸಕ್ಕೆ ಎಂದು ಕೊಟ್ಟ ಅನುದಾನ. ಕಳೆದ ವರ್ಷ 11 ಹೊಸ ಪ್ರಯೋಗ ಶುರುವಾದವು. ಬಳಕೆಗೆ ಬಂದದ್ದು 2. ಉಳಿದ 9 ನಿಂತಿವೆಯೋ ನಡೆಯುತ್ತಿವೆಯೋ ಯಾರೂ ಹೇಳುವುದಿಲ್ಲ.

ಯಾರ ಮನಸ್ಸಿನಲ್ಲೂ ಕೆಟ್ಟ ಉದ್ದೇಶವಿಲ್ಲ, ಸಂಸ್ಥೆಯ ಉದ್ದೇಶದ ಬಗ್ಗೆ ಎಲ್ಲರಿಗೂ ನಿಜವಾದ ಕಾಳಜಿ ಇದೆ. ಆದರೆ ಪ್ರತಿ ದೊಡ್ಡ ತೀರ್ಮಾನವೂ ಒಬ್ಬರ ಮೇಜಿನ ಮೇಲೆ ಬಂದು ಕೂರುತ್ತದೆ. ಗೊತ್ತಿರುವವರು ಇವಕ್ಕೆ ಉತ್ತರಿಸಿ: ಮಂಡಳಿ ಯಾವುದನ್ನು ತೀರ್ಮಾನಿಸಬೇಕು, ಸಿಇಒ ಯಾವುದನ್ನು? ತಾಂತ್ರಿಕ ವಿಷಯದಲ್ಲಿ ಮಂಡಳಿ ಕೈ ಹಾಕಬಹುದೇ? ಹೊಸದಕ್ಕೆ ಜಾಗ ಬಿಡುತ್ತಲೇ ಅರ್ಧಕ್ಕೆ ಬಿಡುವ ಚಾಳಿಯನ್ನು ತಪ್ಪಿಸುವುದು ಹೇಗೆ? ದಾನಿಯ ಮಾತಿಗೆ ಎಲ್ಲಿಯವರೆಗೆ ಬೆಲೆ?

ನಡಾವಳಿ (ಉತ್ತರ)

ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದು ಇತ್ಯರ್ಥವಾಗದೆ ಉಳಿದ ಮೂರಕ್ಕೆ ಉತ್ತರ ನಿಲ್ಲುವುದಿಲ್ಲ. ಅಧ್ಯಕ್ಷರ ಕುರ್ಚಿ ಮತ್ತು ಸಿಇಒ ಕುರ್ಚಿ ಬೇರೆ ಬೇರೆ ಆಗಲೇಬೇಕು. ಸಿಇಒ ಕೆಲಸ ಹೇಗಿದೆ ಎಂದು ನೋಡುವುದು ಮಂಡಳಿಯ ಮೊದಲ ಹೊಣೆ. ಆ ಮಂಡಳಿಯ ಅಜೆಂಡಾ ಬರೆಯುವವರೇ ಸಿಇಒ ಆಗಿದ್ದರೆ ಆ ವಿಷಯ ಅಜೆಂಡಾಕ್ಕೆ ಬರುವುದೇ ಇಲ್ಲ. ಬೇಕೆಂದು ಮುಚ್ಚಿಡುತ್ತಾರೆ ಅಂತಲ್ಲ. ತನ್ನ ಮೌಲ್ಯಮಾಪನವನ್ನು ತಾನೇ ಪಟ್ಟಿಗೆ ಹಾಕಿಕೊಳ್ಳುವವರು ಅಪರೂಪ.

ಎರಡು ಪುಟದ ಅಧಿಕಾರ ಹಂಚಿಕೆ ಪತ್ರ ಬರೆಯಿರಿ. ಮಂಡಳಿಯ ಒಪ್ಪಿಗೆ ಇಲ್ಲದೆ ಆಗಬಾರದ್ದನ್ನು ಮಾತ್ರ ಅದರಲ್ಲಿ ಹೆಸರಿಸಿ: ಸಿಇಒ ನೇಮಕ, ಸಂಬಳ ಮತ್ತು ವಜಾ; ವಾರ್ಷಿಕ ಬಜೆಟ್; ಸಂಸ್ಥೆಯ ಉದ್ದೇಶದ ಬದಲಾವಣೆ; ತಂತ್ರಾಂಶದ ಲೈಸೆನ್ಸ್ ಬದಲಾವಣೆ; ರೋಗಿಗಳ ಮಾಹಿತಿಯನ್ನು ಹೊರಗಿನವರ ಜೊತೆ ಹಂಚಿಕೊಳ್ಳುವ ನೀತಿ; ಸಾಲ; ವಾರ್ಷಿಕ ಬಜೆಟ್ಟಿನ ಶೇ. 5 ಮೀರುವ ಯಾವುದೇ ಒಪ್ಪಂದ. ಉಳಿದದ್ದೆಲ್ಲ ಸಿಇಒ ಕೈಯಲ್ಲಿ. ಪಟ್ಟಿ ಹೀಗೆ ತಲೆಕೆಳಗಾಗಿಯೇ ಇರಬೇಕು. ಸಿಇಒ ಏನೇನು ಮಾಡಬಹುದು ಎಂದು ಬರೆಯಲು ಕೂತರೆ ನಲವತ್ತು ಪುಟವಾಗುತ್ತದೆ, ಆಮೇಲೆ ಅದನ್ನು ಯಾರೂ ತೆರೆಯುವುದಿಲ್ಲ.

ಮಂಡಳಿಯ ರಚನೆಗೆ ಬರೋಣ. 5ರಿಂದ 9 ಜನ ಸರಿ. ನಿಮ್ಮ ಗಾತ್ರಕ್ಕೆ 7 ಸಾಕು. 3 ವರ್ಷದ ಅವಧಿ, ಒಬ್ಬರಿಗೆ ಎರಡೇ ಅವಧಿ. ಎಲ್ಲರ ಅವಧಿಯೂ ಒಂದೇ ದಿನ ಮುಗಿಯದ ಹಾಗೆ ಪ್ರತಿ ವರ್ಷ ಸುಮಾರು ಮೂರನೇ ಒಂದು ಭಾಗ ಬದಲಾಗಲಿ. ಗೆಳೆಯರನ್ನು ಒಮ್ಮೆಲೇ ತೆಗೆಯುವ ಅಗತ್ಯವಿಲ್ಲ. ಎರಡು ಹೊಸ ಸ್ಥಾನ ಸೃಷ್ಟಿಸಿ, ಒಂದಕ್ಕೆ ಲೆಕ್ಕಪತ್ರ ಬಲ್ಲವರು, ಇನ್ನೊಂದಕ್ಕೆ ಆರೋಗ್ಯ ಕೇಂದ್ರದಲ್ಲಿ ದಿನವೂ ನಿಮ್ಮ ತಂತ್ರಾಂಶ ಬಳಸುವವರು ಬರಲಿ. ಅಲ್ಲಿಗೆ ಮೂವರು ಗೆಳೆಯರು ಬಹುಮತದಿಂದ ಇಳಿದರು, ಯಾರ ಮುಖಕ್ಕೂ ಹೊಡೆದಂತೆ ಆಗಲಿಲ್ಲ.

ಸಭೆಯ ಕಾಗದ 7 ದಿನ ಮೊದಲೇ ಕೈ ಸೇರಬೇಕು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಅರ್ಧಕ್ಕಿಂತ ಹೆಚ್ಚು. ಪ್ರತಿ ಸಭೆಯ ಕೊನೆಗೆ 20 ನಿಮಿಷ ಸಿಇಒ ಇಲ್ಲದೆ ಮಂಡಳಿ ಮಾತ್ರ ಕೂರಲಿ. ಇದನ್ನು ಪ್ರತಿ ಸಲವೂ ಮಾಡಬೇಕು. ತಕರಾರು ಬಂದಾಗ ಮಾತ್ರ ಸಿಇಒ ಅವರನ್ನು ಹೊರಗೆ ಕಳಿಸಿದರೆ ಬಾಗಿಲು ಮುಚ್ಚಿದ್ದೇ ದೊಡ್ಡ ಸುದ್ದಿಯಾಗುತ್ತದೆ. ಹಿತಾಸಕ್ತಿ ಸಂಘರ್ಷದ ಘೋಷಣೆ ವರ್ಷಕ್ಕೊಮ್ಮೆ ಲಿಖಿತವಾಗಿ. ಸಂಬಂಧಪಟ್ಟ ವಿಷಯ ಬಂದಾಗ ಆ ಸದಸ್ಯರು ಸಭೆಯಿಂದ ಎದ್ದು ಹೋಗಬೇಕು, ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. "ಮತ ಹಾಕಲಿಲ್ಲ, ಆದರೆ ಚರ್ಚೆಯಲ್ಲಿ ಇದ್ದರು" ಅನ್ನೋದು ಸಾಲದು. ಅವರು ಎದುರಿಗೆ ಕೂತಿದ್ದರೆ ಉಳಿದವರ ಬಾಯಿ ಕಟ್ಟುತ್ತದೆ.

ಸಿಇಒ ಅವರನ್ನು ತೆಗೆಯುವ ಅಧಿಕಾರ ಕಾಗದದ ಮೇಲೆ ಇರುವುದು ಬೇರೆ, ಅದನ್ನು ಬಳಸಬಲ್ಲ ಸ್ಥಿತಿಯಲ್ಲಿ ಇರುವುದು ಬೇರೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯ ಮಂಡಳಿ 2023ರ ನವೆಂಬರ್ 17ರಂದು ಸಿಇಒ ಸ್ಯಾಮ್ ಆಲ್ಟ್‌ಮನ್ ಅವರನ್ನು ತೆಗೆಯಿತು. 6 ಜನರ ಮಂಡಳಿಯಲ್ಲಿ ತೆಗೆಯಲು ನಿರ್ಧರಿಸಿದ 4 ಮಂದಿಗೆ ಆ ಅಧಿಕಾರ ಪೂರ್ತಿ ಇತ್ತು. ಲಾಭರಹಿತ ಮಂಡಳಿಯೇ ವ್ಯಾಪಾರಿ ಅಂಗವನ್ನು ನಿಯಂತ್ರಿಸುವ ರಚನೆಯೂ ಇತ್ತು. ಆದರೆ ಕಾರಣವನ್ನು ಸಿಬ್ಬಂದಿಗಾಗಲಿ ಹೂಡಿಕೆದಾರರಿಗಾಗಲಿ ನಂಬುವ ಹಾಗೆ ವಿವರಿಸಲಿಲ್ಲ. ಸುಮಾರು 770 ನೌಕರರಲ್ಲಿ 700ಕ್ಕೂ ಹೆಚ್ಚು ಮಂದಿ ಕೆಲಸ ಬಿಡುವ ಎಚ್ಚರಿಕೆಯ ಪತ್ರಕ್ಕೆ ಸಹಿ ಹಾಕಿದರು. ಐದು ದಿನದೊಳಗೆ ಆಲ್ಟ್‌ಮನ್ ವಾಪಸ್ ಬಂದರು, ತೆಗೆದವರಲ್ಲಿ ಹೆಚ್ಚಿನವರು ಮಂಡಳಿಯಿಂದ ಹೊರಗಾದರು. ಅದಕ್ಕೇ ನಿಮ್ಮ ಬೈಲಾದಲ್ಲಿ ತೆಗೆಯುವ ದಾರಿಯನ್ನೂ ಬರೆದಿಡಿ: ಲಿಖಿತ ಕಾರಣ, 14 ದಿನದ ನೋಟಿಸ್, ಸಿಇಒಗೆ ಉತ್ತರಿಸಲು ಅವಕಾಶ, ಮೂರನೇ ಎರಡರಷ್ಟು ಮತ, ಆ ದಿನದಿಂದಲೇ ಹೊಣೆ ಹೊರುವವರ ಹೆಸರು. ಹಣದ ದುರುಪಯೋಗದಂಥ ಸಂದರ್ಭಕ್ಕೆ ತಕ್ಷಣದ ಅಮಾನತು ಬೇರೆಯಾಗಿ ಇರಲಿ. ಎಲ್ಲಕ್ಕೂ ಮೊದಲು ನಿಮ್ಮ ನೋಂದಣಿ ಕಾನೂನು ಏನು ಹೇಳುತ್ತದೆ ನೋಡಿಕೊಳ್ಳಿ. ಬೈಲಾ ಅದನ್ನು ಮೀರಲಾಗದು.

ಕವಲುದಾರಿ

ತಾಂತ್ರಿಕ ವಿಷಯದ ಬಗ್ಗೆ. ಮಂಡಳಿ ಡೇಟಾಬೇಸ್ ಯಾವುದು, ಫ್ರೇಮ್‌ವರ್ಕ್ ಯಾವುದು ಎಂಬಲ್ಲಿಗೆ ಮೂಗು ತೂರಿಸಬಾರದು. ಆದರೆ ಆ ತೀರ್ಮಾನ ಯಾವ ದಾರಿಯಲ್ಲಿ ಆಗುತ್ತದೆ ಎಂಬುದು ಸರಿಯಿದೆಯೇ ಎಂದು ಕೇಳುವ ಹಕ್ಕು ಮಂಡಳಿಗಿದೆ, ಕೇಳಲೂಬೇಕು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಉದಾಹರಣೆ ನಿಮಗೆ ಹತ್ತಿರವಾಗುತ್ತದೆ. ಅದನ್ನು ರೂಪಿಸಿದ ಗೀಡೊ ವಾನ್ ರಾಸಮ್ ಅವರ ಮಾತೇ ಅಲ್ಲಿ ಸುಮಾರು ಮೂರು ದಶಕ ಕಾಲ ಕೊನೆಯ ಮಾತಾಗಿತ್ತು. ಪಿಇಪಿ 572 ಎಂಬ ಒಂದು ಪ್ರಸ್ತಾವದ ಜಗಳದಿಂದ ಬೇಸತ್ತು 2018ರ ಜುಲೈಯಲ್ಲಿ ಅವರು ಆ ಸ್ಥಾನದಿಂದ ಇಳಿದರು. ಉತ್ತರಾಧಿಕಾರಿಯನ್ನು ನೇಮಿಸುವುದಿಲ್ಲ, ನೀವೇ ತೀರ್ಮಾನಿಸಿಕೊಳ್ಳಿ ಎಂದರು. ಆಡಳಿತ ಹೇಗಿರಬೇಕು ಎಂಬುದಕ್ಕೆ 7 ಪ್ರಸ್ತಾವ ಬಂದವು. ಡಿಸೆಂಬರ್‌ನಲ್ಲಿ ಮತದಾನವಾಗಿ 5 ಜನರ ಸ್ಟೀರಿಂಗ್ ಕೌನ್ಸಿಲ್ ಮಾದರಿ ಗೆದ್ದಿತು. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ, ಪ್ರತಿ ದೊಡ್ಡ ಬಿಡುಗಡೆಯ ನಂತರ ಹೊಸ ಚುನಾವಣೆ, ಮೂರನೇ ಎರಡರಷ್ಟು ಮತದಿಂದ ಅವಿಶ್ವಾಸ ಸೂಚಿಸಬಹುದು. ಗಮನಿಸಬೇಕಾದ್ದು ಆ ನಡುವಿನ ಐದು ತಿಂಗಳು. ದೊಡ್ಡ ಭಾಷಾ ಬದಲಾವಣೆಗಳಿಗೆ ಹೌದು ಅಥವಾ ಇಲ್ಲ ಎನ್ನುವವರೇ ಇರಲಿಲ್ಲ. ಪೈಥಾನ್ ಸಮುದಾಯ ದೊಡ್ಡದು, ತಾಳಿಕೊಂಡಿತು. 9 ಪ್ರೋಗ್ರಾಮರ್‌ಗಳ ತಂಡ ಅಷ್ಟು ಕಾಲ ತಾಳುವುದಿಲ್ಲ. ಸಂಸ್ಥಾಪಕರು ದಣಿಯುವ ಮೊದಲೇ ಈ ಕೆಲಸ ಆಗಬೇಕು.

ದಿನನಿತ್ಯಕ್ಕೆ ಹೀಗೆ ಮಾಡಿ. ತೀರ್ಮಾನಗಳನ್ನು ಎರಡು ಬಗೆಯಾಗಿ ಒಡೆಯಿರಿ. ಒಂದು, ಹಿಂದೆಗೆಯಲು ಕಷ್ಟವಾದವು: ದಾಖಲೆಯ ಡೇಟಾ ರಚನೆ, ಹೊರಗಿನವರು ಬಳಸುವ ಎಪಿಐ (ಬೇರೆ ತಂತ್ರಾಂಶ ನಿಮ್ಮದರ ಜೊತೆ ಮಾತಾಡುವ ದಾರಿ), ಎನ್‌ಕ್ರಿಪ್ಷನ್ (ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವುದು), ಲೈಸೆನ್ಸ್, ಗುರುತಿನ ಸಂಖ್ಯೆ ಕೊಡುವ ಕ್ರಮ. ಇವಕ್ಕೆ ಮಾತ್ರ ಲಿಖಿತ ಪ್ರಸ್ತಾವ. ಉಳಿದವನ್ನು ಕೆಲಸ ಮಾಡುವವರೇ ತೀರ್ಮಾನಿಸಲಿ. ಎಲ್ಲದಕ್ಕೂ ಪ್ರಸ್ತಾವ ಕೇಳಿದರೆ ಮೂರೇ ತಿಂಗಳಲ್ಲಿ ಜನ ಬರೆಯುವುದನ್ನು ನಿಲ್ಲಿಸಿ ಹಿಂಬಾಗಿಲಿನಿಂದ ಕೋಡ್ ಸೇರಿಸತೊಡಗುತ್ತಾರೆ.

ಪ್ರಸ್ತಾವ ಎರಡು ಪುಟ. ತೊಂದರೆ ಏನು, ಬೇರೆ ಯಾವ ದಾರಿ ನೋಡಿದೆವು, ಯಾಕೆ ಬಿಟ್ಟೆವು, ಎಷ್ಟು ವಾರದ ಕೆಲಸ, ಎರಡು ವರ್ಷದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು, ತಪ್ಪಾದರೆ ಹಿಂದೆ ಬರುವುದು ಹೇಗೆ. ಕೊನೆಯ ಎರಡು ಪ್ರಶ್ನೆ ಖಾಲಿ ಇದ್ದರೆ ಪ್ರಸ್ತಾವವನ್ನು ತೆಗೆದುಕೊಳ್ಳಲೇಬೇಡಿ. ಅಭಿಪ್ರಾಯಕ್ಕೆ 10 ಕೆಲಸದ ದಿನ. ತೀರ್ಮಾನಿಸುವವರ ಹೆಸರು ಮೇಲಿನ ಸಾಲಿನಲ್ಲೇ ಇರಲಿ. "ತಂಡ" ಎಂದು ಬರೆದರೆ ಯಾರೂ ಅಲ್ಲ ಎಂದೇ ಅರ್ಥ. ಮುಕ್ತ ತಂತ್ರಾಂಶ ಯೋಜನೆಗಳನ್ನು ನಡೆಸುವ ಅಪಾಚೆ ಫೌಂಡೇಶನ್‌ನ ಪದ್ಧತಿಯಲ್ಲಿ +1 ಎಂದರೆ ಒಪ್ಪಿಗೆಯ ಮತ, −1 ಎಂದರೆ ವಿರೋಧದ ಮತ. ಕೋಡ್ ಬದಲಾವಣೆಗೆ ಯಾರಾದರೂ −1 ಹಾಕಿದರೆ ಜೊತೆಗೆ ತಾಂತ್ರಿಕ ಕಾರಣ ಕೊಡಬೇಕು, ಕಾರಣವಿಲ್ಲದ −1ಕ್ಕೆ ಬಲವಿಲ್ಲ. ಬಿಡುಗಡೆಗೆ ಮಾತ್ರ ಒಬ್ಬರೇ ತಡೆಯುವ ವೀಟೋ ಇಲ್ಲ: ಕನಿಷ್ಠ ಮೂರು +1 ಬೇಕು, −1ಗಳಿಗಿಂತ +1 ಹೆಚ್ಚಿರಬೇಕು. ಮತಕ್ಕೆ ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಕಾಲಾವಕಾಶ. ಈ ಎರಡು ನಿಯಮ ನಕಲು ಮಾಡಿಕೊಳ್ಳಲು ಯೋಗ್ಯ.

ಹದಗೆಡುವ ಜಾಗ ಯಾವುದೆಂದರೆ ಮುಗಿದ ತೀರ್ಮಾನವನ್ನು ಮತ್ತೆ ಮತ್ತೆ ಕೆದಕುವುದು. ಸೋತವರ ವಾದವನ್ನು ಅವರೇ "ಹೌದು, ನಾನು ಹೇಳಿದ್ದು ಇದೇ" ಎಂದು ಒಪ್ಪುವಷ್ಟು ಸರಿಯಾಗಿ ತೀರ್ಮಾನದ ಟಿಪ್ಪಣಿಯಲ್ಲಿ ಬರೆದರೆ ಅರ್ಧ ಕೆದಕಾಟ ನಿಲ್ಲುತ್ತದೆ. ಇನ್ನರ್ಧಕ್ಕೆ ನಿಯಮ: ಹೊಸ ಮಾಹಿತಿ ಇಲ್ಲದೆ 6 ತಿಂಗಳು ಮತ್ತೆ ತೆರೆಯುವಂತಿಲ್ಲ.

ಒಬ್ಬರ ಮೇಲೆ ನಿಂತ ಭಾಗಗಳ ಪಟ್ಟಿಯನ್ನೂ ಮಾಡಿ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ ಅಂತರ್ಜಾಲದ ಬಹುಭಾಗ ಸುರಕ್ಷತೆಗೆ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2000 ಡಾಲರ್. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಿಂಬಾಗಿಲು, ಅಂದರೆ ಕಳ್ಳತನದಲ್ಲಿ ಒಳನುಗ್ಗುವ ದಾರಿ, ಸಿಕ್ಕಿತು. ದಾಳಿಕೋರರು, ಅದನ್ನು ನೋಡಿಕೊಳ್ಳುತ್ತಾ ದಣಿದಿದ್ದ ಒಬ್ಬ ಮೇಂಟೇನರ್ ಮೇಲೆ ಬೇರೆ ಬೇರೆ ಖಾತೆಗಳಿಂದ ಒತ್ತಡ ಹೇರಿ, ವಿಶ್ವಾಸ ಗಳಿಸಿ, ಜವಾಬ್ದಾರಿಯನ್ನೇ ವಹಿಸಿಕೊಂಡು ಅದನ್ನು ಸೇರಿಸಿದ್ದರು. ನಿಮ್ಮಲ್ಲಿ ಬಿಡುಗಡೆಗೆ ಸಹಿ ಹಾಕುವ ಕೀ ಎಷ್ಟು ಜನರ ಬಳಿ ಇದೆ? ಡೊಮೈನ್ ಹೆಸರು ಯಾರ ಹೆಸರಲ್ಲಿ ನೋಂದಣಿಯಾಗಿದೆ? ಬ್ಯಾಕಪ್ ಪಾಸ್‌ವರ್ಡ್? ಮೂರಕ್ಕೂ ಉತ್ತರ "ಸಂಸ್ಥಾಪಕರು" ಎಂದಾದರೆ ಈ ವಾರವೇ ಸರಿ ಮಾಡಿ. ಅದಕ್ಕೆ ಮಂಡಳಿಯ ಸಭೆ ಕಾಯಬೇಕಿಲ್ಲ.

ಮೊಳಕೆ

11 ಶುರು, 2 ಬಳಕೆಗೆ. ಇದರಲ್ಲಿ 2 ಅನ್ನೋ ಸಂಖ್ಯೆ ಕೆಟ್ಟದ್ದಲ್ಲ, ಹೊಸದು ಹೆಚ್ಚಾಗಿ ಸೋಲೋದೇ. ತೊಂದರೆ ಇರೋದು ಆ ಹೇಳದೇ ಉಳಿದ 9ರಲ್ಲಿ. ಅವುಗಳ ಕೋಡ್ ಎಲ್ಲೋ ಓಡ್ತಾ ಇದೆ, ಯಾವುದೋ ಕೇಂದ್ರದಲ್ಲಿ ಯಾರೋ ಬಳಸ್ತಾ ಇದ್ದಾರೆ, ಸೆಕ್ಯುರಿಟಿ ಪ್ಯಾಚ್ (ಭದ್ರತಾ ದೋಷ ಮುಚ್ಚೋ ತಿದ್ದುಪಡಿ) ಹಾಕೋರಿಲ್ಲ. ರೋಗಿಗಳ ಮಾಹಿತಿ ಇರೋ ಜಾಗದಲ್ಲಿ ಇದು ತುಂಬಾ ಅಪಾಯ.

9 ಪ್ರೋಗ್ರಾಮರ್‌ಗಳಿಗೆ ಒಂದೇ ಹೊತ್ತಿಗೆ 2 ಪ್ರಯೋಗ, ಮೂರನೆಯದು ಬೇಡ. ಮೂರನೆಯದು ಬೇಕಾದ್ರೆ ಒಂದು ಮುಗೀಬೇಕು ಇಲ್ಲಾ ನಿಲ್ಲಬೇಕು. "ಎಲ್ಲರಿಗೂ ವಾರಕ್ಕೊಂದು ದಿನ ಸ್ವಂತ ಪ್ರಯೋಗಕ್ಕೆ" ಅನ್ನೋ ಪದ್ಧತಿ ಸಣ್ಣ ತಂಡದಲ್ಲಿ ನಡೆಯೋದು ಕಷ್ಟ. ಆ ಒಂದು ದಿನವನ್ನು ತುರ್ತು ಬಗ್ ತಿಂದುಹಾಕುತ್ತೆ, ಉಳಿದದ್ದು ಯಾವುದನ್ನೂ ಮುಗಿಸೋಕೆ ಸಾಲಲ್ಲ. ಅದರ ಬದಲು ಇಬ್ಬರನ್ನು 6 ವಾರ ಪೂರ್ತಿ ಬಿಡಿ. ಬೆಂಬಲದ ಕರೆ ಅವರಿಗೆ ಬರಬಾರದು. ವರ್ಷದ ಒಟ್ಟು ಸಾಮರ್ಥ್ಯದಲ್ಲಿ ಶೇ. 15ರಿಂದ 20 ಪ್ರಯೋಗಕ್ಕೆ, ಶೇ. 30ಕ್ಕೆ ಕಡಿಮೆ ಇಲ್ಲದಂತೆ ಇರೋದನ್ನು ಸುಸ್ಥಿತಿಯಲ್ಲಿ ಇಡೋಕೆ, ಬಾಕಿ ಒಪ್ಪಿಕೊಂಡ ಫೀಚರ್‌ಗಳಿಗೆ. ಈ ಅಳತೆಯಿಂದ ಶುರು ಮಾಡಿ, ಎರಡು ತ್ರೈಮಾಸಿಕ ನೋಡಿ ತಿದ್ದಿಕೊಳ್ಳಿ.

ಪ್ರಯೋಗ ಶುರುವಾಗೋ ಮೊದಲೇ ಒಂದು ಪುಟ ಬರೀಬೇಕು. ಯಾವ ಊಹೆಯನ್ನು ಪರೀಕ್ಷಿಸ್ತಿದ್ದೀವಿ? "ನರ್ಸ್‌ಗಳಿಗೆ ಇದು ಇಷ್ಟ ಆಗುತ್ತೆ" ಅನ್ನೋದು ಊಹೆ ಅಲ್ಲ. "ಲಸಿಕೆ ನಮೂದಿಸೋಕೆ ಈಗ 4 ನಿಮಿಷ ಹಿಡೀತಿದೆ, ಇದರಿಂದ 2 ನಿಮಿಷಕ್ಕೆ ಇಳಿಯುತ್ತೆ" ಅನ್ನೋದು ಊಹೆ. ಯಾವ ದಿನ ನೋಡ್ತೀವಿ, ಎಷ್ಟಿದ್ರೆ ಮುಂದುವರಿಸ್ತೀವಿ, ಎಷ್ಟಕ್ಕಿಂತ ಕಡಿಮೆಯಿದ್ರೆ ನಿಲ್ಲಿಸ್ತೀವಿ. ನಿಲ್ಲಿಸೋ ಗೆರೆಯನ್ನು ಮೊದಲೇ ಎಳೆಯದಿದ್ರೆ ಆಮೇಲೆ ಎಳೆಯೋಕಾಗಲ್ಲ. ಆರು ವಾರ ಮೈ ಮುರಿದು ದುಡಿದವರ ಮುಖ ನೋಡ್ಕೊಂಡು "ಇನ್ನೊಂದು ತಿಂಗಳು ಕೊಡೋಣ" ಅಂತಾರೆ. ಅದಕ್ಕೇ ನಿಲ್ಲಿಸೋ ಮಾತು ಆ ಪ್ರಯೋಗದ ಮುಂದಾಳಿನದಾಗಬಾರದು, ಸಂಸ್ಥಾಪಕರದೂ ಆಗಬಾರದು. ತಾಂತ್ರಿಕ ಮುಖ್ಯಸ್ಥರು ಮತ್ತು ಕ್ಷೇತ್ರದಲ್ಲಿ ಬೆಂಬಲ ನೋಡ್ಕೊಳ್ಳೋರು, ಇಬ್ಬರೂ ಕೂತು ಹೇಳಲಿ.

ಪೈಲಟ್, ಅಂದ್ರೆ ಪ್ರಾಯೋಗಿಕ ಬಳಕೆ, ಒಂದೇ ಕೇಂದ್ರದಲ್ಲಿ ಮಾಡಬೇಡಿ. ಅಲ್ಲಿ ಉತ್ಸಾಹಿ ವೈದ್ಯರೊಬ್ಬರು ಇರ್ತಾರೆ, ಅವರ ಉತ್ಸಾಹವನ್ನೇ ನಿಮ್ಮ ತಂತ್ರಾಂಶದ ಗುಣ ಅಂದ್ಕೊಳ್ತೀರಿ. ಕನಿಷ್ಠ 3: ಒಂದು ಉತ್ಸಾಹದ್ದು, ಒಂದು ಸಾಧಾರಣದ್ದು, ಒಂದು ಇಂಟರ್ನೆಟ್ ಆಗಾಗ ಕೈ ಕೊಡೋದು. ಕೇಂದ್ರದವರಿಗೆ ಪೈಲಟ್ ಮುಗಿಯೋ ತಾರೀಖು ಕಾಗದದಲ್ಲಿ ಕೊಡಿ. ಕೊನೆಯಿಲ್ಲದ ಪೈಲಟ್ ಅಂದ್ರೆ ಒಪ್ಪಿಗೆ ಪಡೆಯದೆ ಕೊಟ್ಟ ಉತ್ಪನ್ನ.

ಆ 9ರ ವಿಷಯಕ್ಕೆ: ಒಂದು ದಿನ ಕೂತು ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಹಣೆಪಟ್ಟಿ ಹಚ್ಚಿ. ಮುಖ್ಯ ಉತ್ಪನ್ನಕ್ಕೆ ಸೇರುತ್ತೆ, ನಿಂತಿದೆ, ಇಂಥವರಿಗೆ ಹಸ್ತಾಂತರ. ನಿಂತಿದ್ದನ್ನು ಬಳಸ್ತಿರೋರಿಗೆ 6 ತಿಂಗಳ ಮುನ್ಸೂಚನೆ ಕೊಡಿ, ಅವರ ಮಾಹಿತಿ ಹೊರತೆಗೆಯೋಕೆ ಸಿಎಸ್‌ವಿ (ಎಲ್ಲ ಕಡೆ ತೆರೆಯೋ ಸರಳ ಪಟ್ಟಿ ಕಡತ) ರಫ್ತು ಮಾಡಿಕೊಡಿ, ಪ್ಯಾಚ್ ಸಿಗೋ ಕೊನೆಯ ದಿನಾಂಕ ತಿಳಿಸಿ. ಸರ್ವರ್ ಆರಿಸಿದ ಮೇಲೆ ಡೇಟಾ ಅಳಿಸಿದ್ದಕ್ಕೆ ಇಬ್ಬರ ಸಹಿ ಇರೋ ದಾಖಲೆ ಇರಲಿ. ಯಾಕೆ ನಿಲ್ಲಿಸಿದ್ವಿ ಅಂತ ಅರ್ಧ ಪುಟ ಬರೆದಿಡಿ, ಇಲ್ಲಾಂದ್ರೆ ಎರಡು ವರ್ಷ ಬಿಟ್ಟು ಹೊಸಬರು ಅದೇ ಕೆಲಸ ಮತ್ತೆ ಶುರು ಮಾಡ್ತಾರೆ.

ಮಂಡಳಿಗೆ ಕೊಡೋ ವರದಿಯಲ್ಲಿ "ಎಷ್ಟು ಬಿಡುಗಡೆ" ಅನ್ನೋ ಸಾಲು ತೆಗೆದುಹಾಕಿ. ಬಿಡುಗಡೆಯಾಗಿ 90 ದಿನದ ಮೇಲೂ ಎಷ್ಟು ಕೇಂದ್ರ ವಾರಕ್ಕೊಮ್ಮೆಯಾದ್ರೂ ಬಳಸ್ತಿದೆ, ಅದನ್ನು ಹಾಕಿ.

ತಡೆಗಂಬ

ಮೇಲಿನ ಮೂರೂ ಉತ್ತರ ಒಪ್ಪುತ್ತೇನೆ, ಆದರೆ ಆರೋಗ್ಯದ ತಂತ್ರಾಂಶಕ್ಕೆ ಇಷ್ಟೇ ಸಾಲದು. ಬೇಡ ಎಂದು ಹೇಳಿ ನಿಜವಾಗಿ ನಿಲ್ಲಿಸಬಲ್ಲ ಒಬ್ಬರು ಬೇಕು. ಅವರು ಬಿಡುಗಡೆಯ ಗಡುವಿಗೆ ಉತ್ತರ ಕೊಡುವವರ ಕೈಕೆಳಗೆ ಇರಬಾರದು.

ನಾಸಾದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ಹಿಂದಿನ ರಾತ್ರಿ, 1986ರ ಜನವರಿ 27ರಂದು, ದೂರವಾಣಿ ಸಭೆಯಲ್ಲಿ ಬೂಸ್ಟರ್ ತಯಾರಿಸಿದ ಮಾರ್ಟನ್ ಥಿಯೋಕೋಲ್ ಕಂಪನಿಯ ಎಂಜಿನಿಯರ್‌ಗಳು 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದಲ್ಲಿ ಹಾರಿಸಬೇಡಿ ಎಂದು ಶಿಫಾರಸು ಮಾಡಿದ್ದರು. ಬೂಸ್ಟರ್‌ನ ಸೇರುವೆಗಳನ್ನು ಮುಚ್ಚುವ ರಬ್ಬರ್ ಉಂಗುರ (ಓ-ರಿಂಗ್) ಚಳಿಗೆ ಬಿರುಸಾಗುತ್ತದೆ ಎಂಬುದು ಅವರ ಕಾಳಜಿ. ಹಾರಿಸುವ ಹೊತ್ತಿಗೆ ಅಲ್ಲಿ ಇದ್ದದ್ದು ಸುಮಾರು 2 ಡಿಗ್ರಿ ಸೆಲ್ಸಿಯಸ್. ಸಭೆಯಲ್ಲಿ ಕೆಟ್ಟದ್ದು ನಡೆದದ್ದು ಹೇಗೆ ನೋಡಿ: ಸುರಕ್ಷಿತ ಎಂದು ಸಾಬೀತು ಮಾಡಬೇಕಾದ ಜಾಗದಲ್ಲಿ ಅಪಾಯ ಇದೆ ಎಂದು ಸಾಬೀತು ಮಾಡುವ ಭಾರ ಎಂಜಿನಿಯರ್‌ಗಳ ಮೇಲೆ ಬಿತ್ತು. ಕಂಪನಿಯ ಮೇಲಿನವರು ಶಿಫಾರಸನ್ನು ಹಿಂತೆಗೆದುಕೊಂಡರು. ಮರುದಿನ ನೌಕೆ ಹಾರಿದ 73 ಸೆಕೆಂಡಿಗೆ 7 ಜೀವ ಹೋದವು. 2003ರಲ್ಲಿ ಕೊಲಂಬಿಯಾ ನೌಕೆಗೆ ಫೋಮ್ ಬಡಿದಾಗಲೂ ಹಾನಿಯ ಚಿತ್ರ ತೆಗೆಸಿ ಎಂಬ ಎಂಜಿನಿಯರ್‌ಗಳ ಕೋರಿಕೆ ಈಡೇರಲಿಲ್ಲ. ಸಂಸ್ಥೆಯ ಸಂಸ್ಕೃತಿಯೂ ಫೋಮ್‌ನಷ್ಟೇ ಕಾರಣ ಎಂದು ತನಿಖಾ ಮಂಡಳಿ ಬರೆಯಿತು. ಆ ನಂತರ ನಾಸಾ, ಯೋಜನೆಯ ಗಡುವು ಮತ್ತು ಬಜೆಟ್‌ನ ಹೊಣೆ ಹೊತ್ತವರಿಂದ ಬೇರೆಯಾದ ತಾಂತ್ರಿಕ ಅಧಿಕಾರದ ಸಾಲನ್ನು ರಚಿಸಿತು.

ನಿಮ್ಮ ಗಾತ್ರಕ್ಕೆ ಇದನ್ನು ಹೀಗೆ ಇಳಿಸಬಹುದು. ಒಬ್ಬರಿಗೆ ರೋಗಿ ಸುರಕ್ಷತೆ ಮತ್ತು ಮಾಹಿತಿ ಸುರಕ್ಷತೆಯ ಹೊಣೆ. ಅರ್ಧ ಹುದ್ದೆ ಆದರೂ ಸರಿ. ಅವರು "ತಡೆ" ಎಂದರೆ ಬಿಡುಗಡೆ ಆ ಕ್ಷಣ ನಿಲ್ಲಬೇಕು, ಕಾರಣ ಆಮೇಲೆ. ತೆರವುಗೊಳಿಸುವ ಅಧಿಕಾರ ಸಿಇಒ ಒಬ್ಬರಿಗೇ, 48 ಗಂಟೆಯೊಳಗೆ, ಲಿಖಿತ ಕಾರಣ ಕೊಟ್ಟು. ಪ್ರತಿ ತಡೆ ಮತ್ತು ಪ್ರತಿ ತೆರವು ಮುಂದಿನ ಸಭೆಯ ಕಾಗದದಲ್ಲಿ ತಾನಾಗಿ ಬರಬೇಕು, ಯಾರೂ ಆರಿಸಿ ಹಾಕುವಂತಿರಬಾರದು. ಈ ವ್ಯಕ್ತಿಯ ಸಂಬಳ ಏರಿಕೆ, ವರ್ಗಾವಣೆ, ವಜಾ ಮೂರಕ್ಕೂ ಮಂಡಳಿಯ ಒಪ್ಪಿಗೆ ಬೇಕು. ಇಲ್ಲದಿದ್ದರೆ ಎರಡನೇ ತಡೆ ಬರುವುದೇ ಇಲ್ಲ.

ಸಿಬ್ಬಂದಿಗೆ ಸಿಇಒ ಅವರನ್ನು ದಾಟಿ ಮಂಡಳಿಯ ಒಬ್ಬ ಸದಸ್ಯರಿಗೆ ನೇರವಾಗಿ ಬರೆಯುವ ದಾರಿ ಇರಲಿ. ಆ ಸದಸ್ಯರು ಸಂಸ್ಥಾಪಕರ ಗೆಳೆಯರಾಗಿರಬಾರದು. 5 ದಿನದೊಳಗೆ "ತಲುಪಿತು" ಎಂಬ ಉತ್ತರ, 30 ದಿನದೊಳಗೆ ಏನಾಯಿತು ಎಂಬ ಉತ್ತರ. ಉತ್ತರ ಬಾರದ ದೂರು ಪೆಟ್ಟಿಗೆ ಇದ್ದರೆ ಜನ ಮುಂದಿನ ಸಲ ಹೊರಗೆ ಹೋಗಿ ಹೇಳುತ್ತಾರೆ.

ಆಯವ್ಯಯ

ದಾನಿಯ ವಿಷಯ ಯಾರೂ ಮುಟ್ಟಲಿಲ್ಲ, ಅದನ್ನು ಹೇಳುತ್ತೇನೆ.

ಬ್ಯಾಂಕಿನಲ್ಲಿರುವ ಹಣ ನೋಡಿ ಸಮಾಧಾನಪಡಬೇಡಿ. ಖಾತೆಯಲ್ಲಿ 100 ಇದೆ, ತಿಂಗಳ ಖರ್ಚು 10, ಅಂದರೆ 10 ತಿಂಗಳು ನಡೆಯುತ್ತದೆ ಎಂದು ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಆ 100ರಲ್ಲಿ 70 ಒಂದು ಗೊತ್ತಾದ ಕೆಲಸಕ್ಕೇ ಮೀಸಲಾದ ಅನುದಾನವಾಗಿದ್ದರೆ ನಿಮ್ಮ ಕೈಯಲ್ಲಿರುವುದು 30. ದಾನಿ ಕೈ ಬಿಟ್ಟ ದಿನ ಆ 70ರಲ್ಲಿ ಖರ್ಚಾಗದೆ ಉಳಿದದ್ದನ್ನು ಹಿಂದಿರುಗಿಸಬೇಕಾಗಬಹುದು. ಉಳಿದ 30, ಮೂರು ತಿಂಗಳು. ಮಂಡಳಿಗೆ ಪ್ರತಿ ಸಲ ಎರಡು ಸಂಖ್ಯೆ ಬೇರೆ ಬೇರೆ ತೋರಿಸಿ. ಯಾವ ಷರತ್ತೂ ಇಲ್ಲದ ಮೀಸಲು 3 ತಿಂಗಳಿಗಿಂತ ಕಡಿಮೆ ಇದ್ದರೆ ಹೊಸ ಪ್ರಯೋಗ ಶುರು ಮಾಡಬೇಡಿ. 6 ತಿಂಗಳ ಗುರಿ ಇಟ್ಟುಕೊಳ್ಳಿ.

ಅನುದಾನದ ಅರ್ಜಿಯಲ್ಲಿ ನಿಜವಾದ ಪೂರ್ತಿ ವೆಚ್ಚ ಹಾಕಿ. ಪ್ರೋಗ್ರಾಮರ್ ಸಂಬಳ ಮಾತ್ರ ಹಾಕಿ ಲೆಕ್ಕಪತ್ರ, ಆಡಿಟ್, ಸರ್ವರ್, ಭದ್ರತಾ ಪರೀಕ್ಷೆ, ಬೆಂಬಲದ ಕರೆ ಇವೆಲ್ಲ "ಹೇಗೋ ಆಗುತ್ತದೆ" ಎಂದು ಬಿಟ್ಟರೆ ಪ್ರತಿ ಹೊಸ ಅನುದಾನವೂ ನಿಮ್ಮನ್ನು ಇನ್ನಷ್ಟು ಬಡವರನ್ನಾಗಿ ಮಾಡುತ್ತದೆ. ಹೊಸ ಮಾಡ್ಯೂಲ್‌ಗೆ ಹಣ ಕೊಡುವ ದಾನಿಯಿಂದ ಅದನ್ನು ಎರಡು ವರ್ಷ ನೋಡಿಕೊಳ್ಳುವ ಖರ್ಚನ್ನೂ ಅದೇ ಒಪ್ಪಂದದಲ್ಲಿ ಕೇಳಿ. ಕೊಡದಿದ್ದರೆ ಮಾಡ್ಯೂಲ್ ಬೇಡ ಎನ್ನುವ ಧೈರ್ಯ ಮಂಡಳಿಗಿರಬೇಕು. 11ರಲ್ಲಿ ಎಷ್ಟು ಪ್ರಯೋಗ ಅನುದಾನದ ಅರ್ಜಿಯಲ್ಲಿ ಹುಟ್ಟಿದವು ಎಂದು ಒಮ್ಮೆ ನೋಡಿ. ಅರ್ಧಕ್ಕೆ ನಿಂತವುಗಳ ಮೂಲ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು.

ದಾನಿಗೆ ಮಂಡಳಿಯಲ್ಲಿ ಮತ ಇರುವ ಸ್ಥಾನ ಬೇಡ. ಶೇ. 60 ಹಣದ ಜೊತೆ ಮತವೂ ಸೇರಿದರೆ ಜುಟ್ಟು ಅವರ ಕೈಗೆ ಹೋದಂತೆ. ಬೇಕಿದ್ದರೆ ವರ್ಷಕ್ಕೆರಡು ಸಲ ವೀಕ್ಷಕರಾಗಿ ಬರಲಿ. ಒಪ್ಪಂದದಲ್ಲಿ ಓದಲೇಬೇಕಾದ ಸಾಲುಗಳು: ಕೋಡ್ ಮೇಲಿನ ಹಕ್ಕು ಯಾರದು, ರೋಗಿಗಳ ಮಾಹಿತಿ ನೋಡುವ ಹಕ್ಕು ಕೇಳಿದ್ದಾರೆಯೇ, ಬೇರೆ ದಾನಿಗಳಿಂದ ತೆಗೆದುಕೊಳ್ಳಲು ತಡೆ ಇದೆಯೇ, ಮಧ್ಯದಲ್ಲಿ ನಿಲ್ಲಿಸಿದರೆ ಎಷ್ಟು ದಿನದ ನೋಟಿಸ್. ಕೊನೆಯದಕ್ಕೆ 90 ದಿನ ಕೇಳಿ. ಮಾಹಿತಿಯ ಸಾಲಿನಲ್ಲಿ ಮಾತ್ರ ರಾಜಿ ಬೇಡ.

ಹಣ ಪಾವತಿಗೆ ಇಬ್ಬರ ಸಹಿ. ಬಿಲ್ ತಯಾರಿಸಿದವರು ಮಂಜೂರು ಮಾಡುವಂತಿಲ್ಲ, ಮಂಜೂರು ಮಾಡಿದವರು ಬ್ಯಾಂಕ್ ಲೆಕ್ಕ ತಾಳೆ ನೋಡುವಂತಿಲ್ಲ. ಸಿಇಒ ಅವರ ಪ್ರಯಾಣದ ಖರ್ಚನ್ನು ಮಂಜೂರು ಮಾಡುವುದು ಅವರ ಕೈಕೆಳಗಿನವರಲ್ಲ, ಖಜಾಂಚಿ.

ಮುಂದೆ ಸೇವೆ ಮಾರಿ ಗಳಿಸುವ ಯೋಚನೆ ಇದ್ದರೆ ರಚನೆಯನ್ನು ಈಗಲೇ ಯೋಚಿಸಿ. ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಮೊಝಿಲ್ಲಾ ಫೌಂಡೇಶನ್ 2003ರಲ್ಲಿ ಹುಟ್ಟಿತು. ವ್ಯಾಪಾರದ ಭಾಗಕ್ಕೆ 2005ರಲ್ಲಿ ತೆರಿಗೆ ಕಟ್ಟುವ ಮೊಝಿಲ್ಲಾ ಕಾರ್ಪೊರೇಶನ್ ರಚಿಸಿ ಅದರ ಪೂರ್ತಿ ಒಡೆತನವನ್ನು ಫೌಂಡೇಶನ್ ಕೈಯಲ್ಲೇ ಇಟ್ಟುಕೊಂಡರು. ಆದರೂ ಅವರ ಆದಾಯದ ಬಹುಪಾಲು ಹುಡುಕಾಟದ ಒಪ್ಪಂದಗಳಿಂದ, ಅದರಲ್ಲೂ ಮುಖ್ಯವಾಗಿ ಗೂಗಲ್‌ನಿಂದ ಬರುತ್ತಾ ಬಂದಿದೆ. ಒಡೆತನ ಭದ್ರವಾಗಿದ್ದರೂ ಆದಾಯದ ಅವಲಂಬನೆ ಬೇರೆಯೇ ಸಮಸ್ಯೆ ಎಂಬುದಕ್ಕೆ ಇದು ಉದಾಹರಣೆ. ಉದ್ದೇಶ ಬದಲಾಗದಂತೆ ಬೀಗ ಹಾಕುವ ಇನ್ನೊಂದು ದಾರಿ ಅಮೆರಿಕದ ಉಡುಪು ಕಂಪನಿ ಪ್ಯಾಟಗೋನಿಯಾ 2022ರಲ್ಲಿ ಹಿಡಿದದ್ದು: ಮತಾಧಿಕಾರ ಇರುವ ಎಲ್ಲ ಷೇರುಗಳು, ಅಂದರೆ ಒಟ್ಟು ಷೇರಿನ ಶೇ. 2, ಒಂದು ಉದ್ದೇಶ ಟ್ರಸ್ಟಿಗೆ, ಮತವಿಲ್ಲದ ಶೇ. 98 ಪರಿಸರ ಕೆಲಸ ಮಾಡುವ ಸಂಸ್ಥೆಗೆ. ಮಸೂರ ತಯಾರಿಸುವ ಜರ್ಮನಿಯ ಝೈಸ್ ಕಂಪನಿಯ ಒಡೆತನ ಇರುವ ಫೌಂಡೇಶನ್ ಅನ್ನು ಅರ್ನ್ಸ್ಟ್ ಆಬೆ ಸ್ಥಾಪಿಸಿದ್ದು 1889ರಲ್ಲಿ. ಮೂರರಲ್ಲೂ ಮುಂದಿನವರು ಮಾರಲಾಗದಂತೆ ಮತದ ಹಕ್ಕನ್ನೋ ಒಡೆತನವನ್ನೋ ಉದ್ದೇಶಕ್ಕೆ ಬದ್ಧವಾದ ಸಂಸ್ಥೆಯ ಕೈಗೆ ಕೊಟ್ಟಿದ್ದಾರೆ.

ಹೊಸಹೆಜ್ಜೆ

ಎಲ್ಲರಿಗೂ ಧನ್ಯವಾದ. ಒಂದೇ ಸಂದೇಹ ಉಳಿದಿದೆ. ಸಂಸ್ಥಾಪಕರು ಒಂದೇ ಸಲ ಎರಡು ಸ್ಥಾನ ಬಿಡಲು ಒಪ್ಪುವುದಿಲ್ಲ. ಯಾವುದು ಮೊದಲು? ಸಭೆಯ ನಡಾವಳಿಯನ್ನು ಸಿಬ್ಬಂದಿಗೆ ಕೊಡಬಹುದೇ?

ನಡಾವಳಿ

ಮೊದಲು ಅಧ್ಯಕ್ಷ ಸ್ಥಾನ. ಸಿಇಒ ಆಗಿ ಮುಂದುವರಿಯಲಿ, ಮಂಡಳಿಯಲ್ಲಿ ಸದಸ್ಯರಾಗಿಯೂ ಇರಲಿ. ಅವರಿಗೆ ಇದನ್ನು ಕಳೆದುಕೊಳ್ಳುವುದು ಎಂದು ಹೇಳಬೇಡಿ, ಹಾಗೆ ಅದು ನಿಜವೂ ಅಲ್ಲ. ಅಧ್ಯಕ್ಷರ ಕೆಲಸದ ಹೊರೆ ಇಳಿದರೆ ವಾರಕ್ಕೆ ಒಂದಷ್ಟು ಗಂಟೆ ಉತ್ಪನ್ನಕ್ಕೆ ಸಿಗುತ್ತದೆ. ದೊಡ್ಡ ದಾನಿಗಳು ಈ ಎರಡು ಹುದ್ದೆ ಬೇರೆ ಇದೆಯೇ ಎಂದು ಕೇಳುವುದೂ ಸಾಮಾನ್ಯ.

ಮೊದಲ 30 ದಿನ: ಅಧಿಕಾರ ಹಂಚಿಕೆ ಪತ್ರದ ಕರಡು, ಹಿತಾಸಕ್ತಿ ಘೋಷಣೆ, ಕೀ ಮತ್ತು ಪಾಸ್‌ವರ್ಡ್ ಹಂಚಿಕೆ. 60ನೇ ದಿನಕ್ಕೆ ಇಬ್ಬರು ಹೊಸ ಸದಸ್ಯರು ಬಂದಿರಬೇಕು. 90ನೇ ದಿನಕ್ಕೆ ಹೊಸ ಅಧ್ಯಕ್ಷರ ಆಯ್ಕೆ. ಹೊಸ ಸದಸ್ಯರು ಬರುವ ಮೊದಲೇ ಅಧ್ಯಕ್ಷರನ್ನು ಆರಿಸಿದರೆ ಗೆಳೆಯರಲ್ಲೇ ಒಬ್ಬರು ಕೂರುತ್ತಾರೆ, ಕುರ್ಚಿ ಮಾತ್ರ ಬದಲಾಗುತ್ತದೆ. ಈ ಕ್ರಮ ತಪ್ಪಿಸಬೇಡಿ.

ಫೀಚರ್ ತೀರ್ಮಾನವನ್ನು ಅವರಿಂದ ಪೂರ್ತಿ ಕಿತ್ತುಕೊಳ್ಳುವುದು ಈಗ ಬೇಡ. ತ್ರೈಮಾಸಿಕಕ್ಕೊಮ್ಮೆ ಆದ್ಯತೆ ಪಟ್ಟಿ ಅವರು ಕೊಡಲಿ, ತ್ರೈಮಾಸಿಕದ ನಡುವೆ ಬದಲಾಯಿಸಬೇಕಾದರೆ ಏನನ್ನು ಪಟ್ಟಿಯಿಂದ ಇಳಿಸುತ್ತೇವೆ ಎಂದು ಲಿಖಿತವಾಗಿ ಹೇಳಲಿ. ಈ ಒಂದು ನಿಯಮವೇ ಅರ್ಧಕ್ಕೆ ಬಿಡುವುದನ್ನು ಬಹಳಷ್ಟು ಕಡಿಮೆ ಮಾಡುತ್ತದೆ. ಮುಂದೆ ಅವರು ಸಿಇಒ ಸ್ಥಾನವನ್ನೂ ಬಿಡುವ ದಿನ ಬಂದರೆ ಸಲಹೆಗಾರರ ಪಾತ್ರ ಕೊಡಿ: ಒಂದು ವರ್ಷ, ವೀಟೋ ಇಲ್ಲ, ಸಿಬ್ಬಂದಿಗೆ ನೇರ ಸೂಚನೆ ಇಲ್ಲ, ಹೊಸ ಸಿಇಒ ಕೇಳಿದಾಗ ಮಾತ್ರ.

ನಡಾವಳಿ: ಕೊಡಿ. ಸಂಬಳ, ವೈಯಕ್ತಿಕ ದೂರು, ನಡೆಯುತ್ತಿರುವ ಮಾತುಕತೆಯ ಭಾಗ ಬಿಟ್ಟು ಉಳಿದದ್ದನ್ನು ಸಭೆಯಾಗಿ 15 ದಿನದೊಳಗೆ ಎಲ್ಲ ಸಿಬ್ಬಂದಿಗೆ. 2021ರ ನವೆಂಬರ್‌ನಲ್ಲಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯದಲ್ಲಿ ನಡತೆಯ ನಿಯಮ ನೋಡಿಕೊಳ್ಳುವ ಮಾಡರೇಶನ್ ತಂಡ ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಯೋಜನೆಯನ್ನು ಮುನ್ನಡೆಸುತ್ತಿದ್ದ ಕೋರ್ ತಂಡ ತನ್ನನ್ನು ಬಿಟ್ಟು ಬೇರೆ ಯಾರಿಗೂ ಉತ್ತರದಾಯಿಯಲ್ಲ ಎಂಬುದು ಅವರ ಆಕ್ಷೇಪ. ಕೋರ್ ತಂಡದ ಜಾಗಕ್ಕೆ ವಿವಿಧ ತಂಡಗಳ ಪ್ರತಿನಿಧಿಗಳ ಲೀಡರ್‌ಶಿಪ್ ಕೌನ್ಸಿಲ್ ಬಂದದ್ದು 2023ರಲ್ಲಿ. 24 ಜನರ ಸಂಸ್ಥೆಯಲ್ಲಿ ಏನು ತೀರ್ಮಾನವಾಯಿತು ಎಂದು ಗೋಡೆಗೆ ಕಿವಿಗೊಟ್ಟು ತಿಳಿಯುವ ಸ್ಥಿತಿ ಇರಬಾರದು.

ಕವಲುದಾರಿ

ಒಂದು ಸೇರ್ಪಡೆ. ನಡಾವಳಿಯನ್ನು ಮೇಲ್‌ನಲ್ಲಿ ಕಳಿಸಬೇಡಿ, ಮೇಲ್ ಹುಡುಕಿದಾಗ ಸಿಗುವುದಿಲ್ಲ. ಕೋಡ್ ಇರುವ ಕಡೆಯೇ ಒಂದು ಖಾಸಗಿ ರೆಪೊಸಿಟರಿ (ಬದಲಾವಣೆಗಳ ದಾಖಲೆ ಇಡುವ ಕಡತಗಳ ಭಂಡಾರ) ಮಾಡಿ, ಪ್ರತಿ ತೀರ್ಮಾನಕ್ಕೆ ಒಂದು ಕಡತ: ಸಂಖ್ಯೆ, ದಿನಾಂಕ, ತೀರ್ಮಾನಿಸಿದವರು, ಕಾರಣ, ಮರುಪರಿಶೀಲನೆಯ ದಿನಾಂಕ. ಹಳೆಯ ತೀರ್ಮಾನ ಬದಲಾದರೆ ಕಡತವನ್ನು ತಿದ್ದಬೇಡಿ. ಹೊಸ ಸಂಖ್ಯೆ ಕೊಟ್ಟು ಹಳೆಯದರ ಮೇಲೆ "ಇಂಥ ಸಂಖ್ಯೆಯಿಂದ ರದ್ದು" ಎಂದು ಬರೆಯಿರಿ.